ಒಂಬತ್ತನೇ ಇಯತ್ತೆಗೆ ಒಂದು ತಲೆ ಕಡಿಮೆ

ಶಾಲೆಗಳ ಕಚೇರಿಗೆ ಹೊಸದಾಗಿ ಸೇರಿದ ಹುಡುಗರು, ಹುಡುಗಿಯರು ಈಗಲೂ ನನ್ನ ಮನೆಗೆ ಬರುತ್ತಾರೆ. ಅರ್ಜಿಗೆ ಯಾವ ಕಾಗದ ಮೇಲಿಡಬೇಕು, ಸಾಹೇಬರ ಬಳಿ ಯಾವ ಹೊತ್ತಿಗೆ ಹೋಗಬೇಕು, ಪೋರ್ಟಲ್‌ನಲ್ಲಿ ಹೆಸರು ತಪ್ಪಿಬಿದ್ದರೆ ಯಾರನ್ನು ಹಿಡಿಯಬೇಕು ಎಂದು ಕೇಳುತ್ತಾರೆ. ಹೇಳುತ್ತೇನೆ. ಸಲಹೆ ಕೊಡುವುದರಲ್ಲಿ ನಾನು ಜಿಪುಣತನ ಮಾಡಿದವನಲ್ಲ. ಆದರೆ ಅವರು ಕೇಳದ, ನಾನೂ ಇದುವರೆಗೆ ಬಾಯಿಬಿಟ್ಟು ಹೇಳದ ಒಂದು ಸಂಗತಿ ಇದೆ. ಉಳಿದದ್ದನ್ನೆಲ್ಲ ಯಾರು ಬೇಕಾದರೂ ಕಲಿಸಿಯಾರು. ಇದನ್ನು ಮಾತ್ರ ನಾನೇ ಬರೆಯಬೇಕು.

ನಮ್ಮದು ದತ್ತವಾಡ, ಮರಾಠಿ ರಾಜ್ಯದ ಗಡಿಯಲ್ಲಿರುವ ಕನ್ನಡದ ಊರು. ಕುರಿ ಸಾಕಿದ ಮನೆ. ಅಪ್ಪ ನನ್ನನ್ನು ಕುರಿ ಸಂತೆಗೆ ಕರೆದೊಯ್ಯುತ್ತಿದ್ದ. ಅಲ್ಲಿ ಬಾಯಿಯಿಂದ ದರ ಹೇಳುವುದಿಲ್ಲ; ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ದರ ಮಾಡುತ್ತಾರೆ. ಎದುರಿನವನು ಯಾವ ಬೆರಳಿಗೆ ಸಡಿಲಾಗುತ್ತಾನೆ ಎಂಬುದನ್ನು ಹನ್ನೆರಡು ವರ್ಷಕ್ಕೇ ಕಲಿತುಬಿಟ್ಟಿದ್ದೆ. ಮುಂದೆ ಇಚಲಕರಂಜಿಯಲ್ಲಿ ಒಂದು ಸಂಸ್ಥೆಯ ಮಾಧ್ಯಮಿಕ ಶಾಲೆಗೆ ಗಂಟೆ ಬಾರಿಸುವ ಶಿಪಾಯಿಯಾಗಿ ಸೇರಿದೆ. ರಾತ್ರಿ ಶಾಲೆಯಲ್ಲಿ ಓದಿ ಕ್ಲಾರ್ಕ್ ಆದೆ. ಅದೇ ಸಂಸ್ಥೆಯ ಕೊಲ್ಹಾಪುರದ ಶಾಲೆಗೆ ಬದಲಿಯಾಯಿತು, ಕೊನೆಯ ಒಂಬತ್ತು ವರ್ಷ ಗಡಹಿಂಗ್ಲಜದಲ್ಲಿ ಕಳೆದೆ. ಯಾವಾಗ ಏನಾದೆ ಎಂಬುದು ನನ್ನ ಸೇವಾ ಪುಸ್ತಕದಲ್ಲಿದೆ, ಅದರಿಂದ ನಿಮಗೆ ಪ್ರಯೋಜನವಿಲ್ಲ. ಮನೆಯಲ್ಲಿ ಕನ್ನಡ ಆಡಿ, ಕಚೇರಿಯಲ್ಲಿ ಮೂವತ್ತಮೂರು ವರ್ಷ ಮರಾಠಿ ಬರೆದವನು ನಾನು. ಎರಡೂ ಕಡೆ ಎಲ್ಲರೂ ಕರೆದದ್ದು ಭಾವುಸಾಹೇಬ ಎಂದೇ.

ಕ್ಲಾರ್ಕನ ಕೆಲಸ ಅಂದರೆ ಬರೆಯುವುದು ಎಂದುಕೊಂಡು ಬರುತ್ತೀರಿ. ಅಲ್ಲ. ಅದು ಪಟ ಕಾಯುವ ಕೆಲಸ. ಪಟ ಎಂದರೆ ನಮ್ಮಲ್ಲಿ ಹಾಜರಿ ಪುಸ್ತಕದಲ್ಲಿರುವ ಮಕ್ಕಳ ಸಂಖ್ಯೆ. ಸೆಪ್ಟೆಂಬರ್ ಮುಗಿಯುವ ದಿನ ಪಟ ಎಷ್ಟಿದೆಯೋ ಅದರ ಮೇಲೆ ಮುಂದೆ ಯಾವ ಇಯತ್ತೆಗೆ, ಅಂದರೆ ತರಗತಿಗೆ, ಎಷ್ಟು ತುಕಡಿ ಎಂದರೆ ಸೆಕ್ಷನ್, ಎಷ್ಟು ಮಾಸ್ತರರು ಎಂಬುದು ನಿಲ್ಲುತ್ತದೆ. ಒಂದು ತಲೆ ಕಡಿಮೆಯಾದರೆ ಒಂದು ತುಕಡಿ ಹೋಗಬಹುದು. ತುಕಡಿ ಹೋದರೆ ಒಬ್ಬ ಮಾಸ್ತರ ಅತಿರಿಕ್ತ, ಅಂದರೆ ಹೆಚ್ಚುವರಿ; ಅವನನ್ನು ಎತ್ತಿ ಎಲ್ಲಿಗಾದರೂ ಒಗೆಯುತ್ತಾರೆ. ಆಗಸ್ಟ್ ತಿಂಗಳಲ್ಲಿ ಮಾಸ್ತರರು ಮನೆಮನೆ ತಿರುಗಿ ನಮ್ಮ ಶಾಲೆಗೆ ಮಕ್ಕಳನ್ನು ಕಳಿಸಿ ಎಂದು ಕೈಮುಗಿಯುವುದನ್ನು ನೀವೂ ನೋಡಿರುತ್ತೀರಿ.

ನಾನು ಸೇರಿದ ಕಾಲದಲ್ಲಿ ಇದು ಸಸಾರವಾಗಿತ್ತು. ಕಾಗದದ ಮಕ್ಕಳು ಸಾಕಾಗುತ್ತಿದ್ದರು. ಇಚಲಕರಂಜಿಯ ಹೆಡ್‌ಕ್ಲಾರ್ಕ್, ನಾವೆಲ್ಲ ಅಣ್ಣಾ ಎನ್ನುತ್ತಿದ್ದ ಹಿರಿಯರು, ಊರು ಬಿಟ್ಟು ಹೋದವರ, ಮದುವೆಯಾದವರ ಹೆಸರುಗಳನ್ನು ಪುಸ್ತಕದಲ್ಲಿ ಜೀವಂತ ಇಟ್ಟಿದ್ದರು. ತಪಾಸಣೆ ಬಂದ ದಿನ ಮಗ್ಗದ ಓಣಿಯಿಂದ ಸಿಕ್ಕ ಮಕ್ಕಳನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿ, ಒಬ್ಬೊಬ್ಬರಿಗೂ ಒಂದೊಂದು ಹೆಸರು ಕಲಿಸುವುದು ನನ್ನ ಕೆಲಸ. ಒಮ್ಮೆ ಸಾಹೇಬರು ಒಬ್ಬ ಹುಡುಗಿಯನ್ನು ಎಬ್ಬಿಸಿ ಹೆಸರು ಕೇಳಿದರು. ಅವಳು ನನ್ನ ಮುಖ ನೋಡಿ, ಧೈರ್ಯವಾಗಿ, "ಇವತ್ತಿನ ಹೆಸರ ಸುನಿತಾ ರೀ" ಅಂದಳು.

ಸಾಹೇಬರು ನಕ್ಕು, ಚಹಾ ಕುಡಿದು, ಸಹಿ ಹಾಕಿ ಹೋದರು. ಅಣ್ಣಾ ಮಾತ್ರ ನನ್ನ ಮೇಲೆ ಹರಿಹಾಯ್ದರು.

"ಹೆಸರ ಕಲಿಸಿದೆಲ್ಲೋ ಖೋಡಿ, 'ಇವತ್ತಿನ' ಅನ್ನಬ್ಯಾಡ ಅಂತ ಯಾಕ ಕಲಿಸಲಿಲ್ಲ?"

ಕೊಲ್ಹಾಪುರದಲ್ಲಿ ಬೇರೆ ವಿದ್ಯೆ ಕಲಿತೆ. ಅಲ್ಲಿಯ ನಮ್ಮ ಹೆಡ್‌ಮಾಸ್ತರರು ಯಾರಿಗೂ ಇಲ್ಲ ಎಂದವರಲ್ಲ. "ಇಲ್ಲ ಅಂದ್ರ ಜಗಳ ಆಡ್ತಾರ. ಇನ್ನೊಂದ ಕಾಗದ ತರ್ರಿ ಅನ್ನು, ತಾವ ಹೋಗ್ತಾರ" ಎನ್ನುತ್ತಿದ್ದರು. ಹೊರದೇಶದಿಂದ ಬಂದವರಿಗೆ ಈ ಮದ್ದು ಬಲು ಬೇಗ ನಾಟುತ್ತದೆ. ಮಸ್ಕತ್‌ನಿಂದ ಬಂದ ಒಬ್ಬ ಡ್ರೈವರನನ್ನು ನಾನು ಹೀಗೆ ಮೂರು ಸಲ ಓಡಾಡಿಸಿದೆ. ಒಮ್ಮೆ ಜನ್ಮದ ದಾಖಲೆಯ ಅನುವಾದ, ಒಮ್ಮೆ ಅದರ ಮೇಲೆ ಶಿಕ್ಕೆ ಎಂದರೆ ಮೊಹರು, ಒಮ್ಮೆ ಅಲ್ಲಿಯ ಶಾಲೆ ಮಾನ್ಯತೆ ಇದ್ದದ್ದೆಂಬ ಪತ್ರ. ನಾಲ್ಕನೇ ಸಲ ಅವನು ಬರಲಿಲ್ಲ. ಆ ಮಗು ಎಲ್ಲಿ ಸೇರಿತೋ, ಸೇರಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಪಾಲಕರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಯಾವ ಯಾವ ಕಾಗದ ಬೇಕೆಂದು ಮೊದಲ ದಿನವೇ ಬರೆಸಿಕೊಳ್ಳಿ, ಕೆಳಗೆ ಶಾಲೆಯ ಶಿಕ್ಕೆ ಹೊಡೆಸಿ. ಬರೆದುಕೊಟ್ಟ ಮೇಲೆ ಹೊಸ ಕಾಗದ ಹುಟ್ಟುವುದು ಕಷ್ಟ.

ಆಮೇಲೆ ಕಾಲ ಬದಲಾಯಿತು. ಪುಸ್ತಕ ಹೋಗಿ ಪೋರ್ಟಲ್ ಬಂತು. ಮಗುವಿನ ಆಧಾರ್ ಕೂಡಿ ಬಂದರೆ ಮಾತ್ರ ಪಟದಲ್ಲಿ ಲೆಕ್ಕ ಎಂದಾಯಿತು. ಕಾಗದದ ಮಕ್ಕಳು ಒಂದೇ ವರ್ಷದಲ್ಲಿ ಸತ್ತರು. ಒಳ್ಳೆಯದೇ ಆಯಿತು ಎನ್ನಿ. ಆದರೆ ಒಂದು ತಲೆ ಕಡಿಮೆಯಾದರೆ ಈಗ ಹೆಬ್ಬೆಟ್ಟು ಇರುವ ನಿಜವಾದ ಮಗುವನ್ನೇ ಹುಡುಕಿ ತರಬೇಕಾಯಿತು.

ಅಂಥ ಒಂದು ವರ್ಷ ಜುಲೈನಲ್ಲಿ ಗಡಹಿಂಗ್ಲಜದ ನನ್ನ ಕಿಟಕಿಗೆ ಅಜಿತ ಬಂದ.

ಅಜಿತ ಕುರುಂದವಾಡದ ಜೈನರ ಮನೆಯವನು, ಇಚಲಕರಂಜಿಯಲ್ಲಿ ಬೆಳೆದವನು. ನಾನು ಅಲ್ಲಿ ಗಂಟೆ ಬಾರಿಸುತ್ತಿದ್ದಾಗ ನಮ್ಮ ಶಾಲೆಯ ವಿದ್ಯಾರ್ಥಿ. ಮುಂದೆ ಜಾಬರ್ ಆದ. ಮಗ್ಗ ಕೆಟ್ಟರೆ ರಿಪೇರಿ ಮಾಡುವವನಿಗೆ ಅಲ್ಲಿ ಜಾಬರ್ ಎನ್ನುತ್ತಾರೆ. ಕೈ ಚೊಲೊ ಇದ್ದುದರಿಂದ ಇಥಿಯೋಪಿಯಾದ ಒಂದು ಗಿರಣಿಗೆ ಕರೆಸಿಕೊಂಡಿದ್ದರು. ಹೆಂಡತಿ, ಮಗಳ ಜೊತೆ ಹತ್ತು ವರ್ಷ ಅಲ್ಲಿದ್ದ. ಗಿರಣಿ ಮುಚ್ಚಿತು, ಬಂದ. ಹೆಂಡತಿಯ ಅಣ್ಣ ನೇಸರಿಯವನು. ಸದ್ಯಕ್ಕೆ ಅವನ ಮನೆಯಲ್ಲೇ ಮೂವರೂ ಇದ್ದರು.

ಪಕ್ಕದಲ್ಲಿ ಮಗಳು ಸಾನಿಕಾ ನಿಂತಿದ್ದಳು. ಹದಿನೈದು ವರ್ಷ. ಕಾಗದಗಳ ಫೈಲನ್ನು ಅವಳೇ ಹಿಡಿದಿದ್ದಳು, ಅಪ್ಪ ಅಲ್ಲ.

"ಇಚಲಕರಂಜ್ಯಾಗ ನಾಕ್ ಶಾಳಿ ತಿರಗಿದಿವ್ರಿ ಭಾವುಸಾಹೇಬ್ರ" ಅಂದ ಅಜಿತ. "ಒಬ್ಬರೂ ಹತ್ತನೇತ್ತೆಕ್ಕ ತಗೊಳ್ಳವಲ್ರು. ಮರಾಠಿ ಬರೂದಿಲ್ಲ, ನಮ್ಮ ರಿಜಲ್ಟ್ ಕೆಡತೈತಿ ಅಂತಾರ. ಕೊಲ್ಹಾಪುರಕ್ಕ ಹೋದ್ರ ಇನ್ನೊಂದ ಕಾಗದ ತರ್ರಿ ಅಂತಾರ."

ಕೊಲ್ಹಾಪುರದ ಮಾತು ಕೇಳಿ ನನಗೆ ಒಳಗೇ ನಗು ಬಂತು.

"ಅಲ್ಲಿ ಒಂಬತ್ತನೇತ್ತೆ ಪಾಸ್ ಆಗೇನ್ರಿ ಕಾಕಾ" ಅಂದಳು ಹುಡುಗಿ. "ನಮ್ಮ ಎಂಬಸಿ ಶಿಕ್ಕಾ ಸೈತ ಐತಿ. ನೋಡ್ರಿ."

ನೋಡಿದೆ. ಎಲ್ಲ ಇತ್ತು. ಅಂಕಪಟ್ಟಿ ಇತ್ತು, ಶಾಲೆ ಬಿಟ್ಟ ಪತ್ರ ಇತ್ತು, ಎಂಟನೆಯದೂ ಒಂಬತ್ತನೆಯದೂ ಬೇರೆ ಬೇರೆಯಾಗಿ ಇದ್ದವು. ಅಷ್ಟು ಅಚ್ಚುಕಟ್ಟಾದ ಫೈಲು ನನ್ನ ಕಿಟಕಿಗೆ ಎಂದೂ ಬಂದಿರಲಿಲ್ಲ. ಗಣಿತದಲ್ಲಿ ತೊಂಬತ್ತರ ಮೇಲೆ.

ಅಜಿತ ಕಿಟಕಿಯ ಸಮೀಪ ಬಾಗಿದ. "ನಾ ಒಂದ ವರ್ಷ ಅಷ್ಟ ಇರತೇನ್ರಿ ಇಲ್ಲಿ. ಇನ್ನೊಂದ ಗಿರಣ್ಯಾಗ ಮಾತಾಗೇತಿ, ಬರೂ ಬ್ಯಾಸಗಿಗಿ ಹೋಗಬೇಕು, ಇಕಿ ಅವ್ವನೂ ಬರತಾಳ. ಅಷ್ಟರಾಗ ಇಕೀದು ಹತ್ತನೇತ್ತೆ ಆತಂದ್ರ, ಇಚಲಕರಂಜ್ಯಾಗ ಟೆಕ್ಸ್‌ಟೈಲ್ ಡಿಪ್ಲೊಮಾಕ್ಕ ಹಚ್ಚಿ, ಹಾಸ್ಟೆಲ್ ನೋಡಿ, ಕಣ್ಣೆದುರ ಕುಂಡ್ರಿಸಿ ಹೋಗತೇನಿ. ನಾ ಇಲ್ಲದಾಗ ಇದ್ಯಾವದೂ ಆಗೂದಿಲ್ರಿ. ನಮ್ಮ ಅಳಿಯಾನ ಸ್ವಭಾವ ನಿಮಗ ಗೊತ್ತಿಲ್ಲ."

ನಮ್ಮ ಕಡೆ ಹೆಂಡತಿಯ ಅಣ್ಣನಿಗೂ ಅಳಿಯ ಎನ್ನುತ್ತಾರೆ; ಅವನು ಹೇಳಿದ್ದು ನೇಸರಿಯವನನ್ನು.

"ಮಗ್ಗದ ಡಿಪ್ಲೊಮಾ ಹುಡುಗ್ಯಾರು ಯಾರ್ ಮಾಡತಾರವಾ?" ಎಂದು ನಾನು ಚೇಷ್ಟೆ ಮಾಡಿದೆ.

"ಅಪ್ಪಾ ದಾರ ಹರದದ್ದ ಕಣ್ಣಿಲೆ ನೋಡಿ ಹೇಳತಾನ, ನಾ ಸಪ್ಪಳ ಕೇಳಿ ಹೇಳತೇನ್ರಿ" ಅಂದಳು. ಅಪ್ಪ ಹೆಮ್ಮೆಯಿಂದ ಗೋಡೆ ನೋಡಿದ.

ಹೊರದೇಶದ ಒಂಬತ್ತನೆಯದನ್ನು ಪಾಸು ಮಾಡಿದವರನ್ನು ಹತ್ತಕ್ಕೆ ತೆಗೆದುಕೊಳ್ಳಬೇಕಾದರೆ ಕೊಲ್ಹಾಪುರದ ಮಂಡಳದ, ಅಂದರೆ ಪರೀಕ್ಷಾ ಬೋರ್ಡಿನ, ಪರವಾನಿಗೆ ಬೇಕು. ಒಂದು ಅರ್ಜಿ, ಹೆಡ್‌ಮಾಸ್ತರರ ಶಿಫಾರಸು, ಎರಡು ಸಲ ಹೋಗಿ ಬರುವುದು. ನಾನು ಅದನ್ನು ಹಿಂದೆ ಎರಡು ಮಕ್ಕಳಿಗೆ ಮಾಡಿಸಿದ್ದೆ, ಎರಡು ಸಲವೂ ಸಿಕ್ಕಿತ್ತು. ಅಂದರೆ ನನಗೆ ದಾರಿ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಿ.

ಅದೇ ದಿನ ಬೆಳಿಗ್ಗೆ ನಮ್ಮ ಹೆಡ್‌ಮಾಸ್ತರ ಪಾಟೀಲ ಸರ್ ನನ್ನನ್ನು ಕರೆದು ಬಾಗಿಲು ಮುಚ್ಚಿದ್ದರು. ಒಂಬತ್ತನೆಯ ಎರಡನೇ ತುಕಡಿಗೆ ಒಂದು ತಲೆ ಕಡಿಮೆ ಬಿದ್ದಿತ್ತು. ಒಂದೇ ಒಂದು. ತುಕಡಿ ಹೋದರೆ ಕಡೆಗೆ ಸೇರಿದವರು ಹೋಗಬೇಕು. ಆ ಸರತಿ ಮರಾಠಿ ಕಲಿಸುವ ಶೋಭಾ ಟೀಚರದು. ವಿಧವೆ. ವಯಸ್ಸಾದ ಅತ್ತೆ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಇಂಥವರನ್ನು ನಾಳೆ ಎಲ್ಲಿಗೋ ಎತ್ತಿ ಒಗೆಯುತ್ತಾರೆ.

"ಭಾವುಸಾಹೇಬ, ಕಾಹೀತರಿ ಕರಾ" ಅಂದಿದ್ದರು ಪಾಟೀಲ ಸರ್. ಏನಾದರೂ ಮಾಡಿ ಎಂದು. ಏನು ಎಂದು ಅವರು ಹೇಳುವುದಿಲ್ಲ. ಹೇಳಿದರೆ ಅದು ಅವರ ಮೇಲೆ ಬರುತ್ತದೆ. ಮೇಲಿನವರ ಈ ಅರ್ಧ ಮಾತನ್ನು ಪೂರ್ತಿ ಮಾಡುವುದೇ ಜಾಣತನ ಎಂದು ನಾನು ನಂಬಿದ್ದೆ. ನೀವು ನಂಬಬೇಡಿ. ಪೂರ್ತಿ ಹೇಳಿಸಿ.

ಕಿಟಕಿಯಲ್ಲಿ ನಿಂತ ಹುಡುಗಿಯನ್ನು ನೋಡುತ್ತಿದ್ದಂತೆಯೇ ನನ್ನ ತಲೆಯಲ್ಲಿ ಎರಡೂ ಕೂಡಿಬಿಟ್ಟವು.

ಅಜಿತನನ್ನು ಒಳಗೆ ಕರೆದು ಕುರ್ಚಿ ಕೊಟ್ಟೆ. ಚಹಾ ತರಿಸಿದೆ. ಮೊದಲು ಅಂಜಿಸಬೇಕು, ಆಮೇಲೆ ಕೊಡಬೇಕು; ಚೌಕಾಶಿಯ ಕ್ರಮವೇ ಅದು.

"ಹತ್ತನೇತ್ತೆಕ್ಕ ಮಂಡಳ ಪರವಾನಿಗಿ ಬೇಕೋ ಅಜಿತ. ಕೊಡತಾರೋ ಇಲ್ಲೋ ದೇವರಿಗೇ ಗೊತ್ತು. ಕೊಟ್ರೂ ಮರಾಠಿ ಪೇಪರ ಕಡ್ಡಾಯ. ಅಕ್ಷರ ಗೊತ್ತಿಲ್ಲದ ಪೋರಿ ಏಳ ತಿಂಗಳದಾಗ ಬೋರ್ಡಿನ ಪೇಪರ ಬರೀತಾಳೇನು? ನಪಾಸ್ ಆದ್ಲಂದ್ರ ವರ್ಷನೂ ಹೋತು, ಹೆಸರೂ ಹೋತು."

"ಹಂಗಾರ?"

"ಒಂಬತ್ತನೇತ್ತೆಕ್ಕ ಹಾಕು. ಇವತ್ತ ಹೆಸರ ಹಚ್ಚತೇನಿ. ಪುಸ್ತಕ, ಯುನಿಫಾರ್ಮ್ ಶಾಳೀದು. ನೇಸರಿ ಬಸ್ಸಿನ ಪಾಸ್ ನಾನ ನಿಂತ ಮಾಡಸತೇನಿ. ಯಾವ ಪರವಾನಿಗೀನೂ ಬ್ಯಾಡ."

"ಆದ್ರ ಒಂದ ವರ್ಷ ಹೋತಲ್ರಿ?"

"ಹೋಗೂದಲ್ಲೋ, ಪಾಯಾ ಗಟ್ಟಿ ಆಗೂದು."

ಸಾನಿಕಾ ಬಾಗಿಲಲ್ಲೇ ನಿಂತಿದ್ದಳು. "ನಾ ಪಾಸ್ ಆಗೇನ್ರೆಲಾ ಕಾಕಾ. ಪಾಸ್ ಆದವ್ರು ಮತ್ತ ಅದ ಕ್ಲಾಸಿನಾಗ ಯಾಕ ಕುಂಡ್ರಬೇಕ್ರಿ?"

"ಅಲ್ಲೀದು ಬ್ಯಾರೆ, ಇಲ್ಲೀದು ಬ್ಯಾರೆ, ಪೋರಿ."

"ಗಣಿತ ಬ್ಯಾರೆ ಇರತೈತೇನ್ರಿ?"

ಅಜಿತ ಅವಳನ್ನು ಗದರಿದ. "ದೊಡ್ಡವರ ಕೂಡ ಹಂಗ ಮಾತಾಡ್ತಾರೇನ? ಅವರು ನನಗ ಶಾಳ್ಯಾಗ ನೋಡ್ಯಾರ. ಕೆಟ್ಟದ್ದ ಹೇಳ್ತಾರೇನು?"

ನಂಬಿದವನ ಜೊತೆ ಚೌಕಾಶಿ ಎಷ್ಟು ಸುಲಭ ಎಂದರೆ, ಅದನ್ನು ಚೌಕಾಶಿ ಎನ್ನಲೂ ಬಾರದು. ಎಂಟನೆಯದರ ಕಾಗದದ ಮೇಲೆ ಒಂಬತ್ತಕ್ಕೆ ಹೆಸರು ಹಚ್ಚಿದೆ. ಒಂಬತ್ತನೆಯದರ ಅಂಕಪಟ್ಟಿ ಮಡಚಿ ಅಜಿತನ ಕೈಗೆ ಕೊಟ್ಟು, "ಇದನ್ನ ಮನ್ಯಾಗ ಇಡು, ಯಾರಿಗೂ ತೋರಸಬ್ಯಾಡ, ಪಾಸ್ ಆದವಳನ್ನ ಯಾಕ ತಗೊಂಡ್ರಿ ಅಂತ ನಮಗ ಕೇಳತಾರ" ಅಂದೆ. ಅವನು ಹೂಂ ಅಂದ. ಮರುದಿನ ಆಧಾರ್ ಕೇಂದ್ರಕ್ಕೆ ನಾನೇ ಕರೆದೊಯ್ದು, ಸರತಿಯಲ್ಲಿ ಮುಂದೆ ನಿಲ್ಲಿಸಿ, ಹೆಬ್ಬೆಟ್ಟು ಕೊಡಿಸಿದೆ. ಪಾಟೀಲ ಸರ್ ಬೆನ್ನು ತಟ್ಟಿದರು. ಎಲ್ಲರಿಗೂ ಒಳ್ಳೆಯದು ಮಾಡಿದೆ ಎಂದುಕೊಂಡು ಅಂದು ಮನೆಗೆ ಹೋಗುವಾಗ ಪೇಟೆಯಲ್ಲಿ ನಿಂತು ಭಜಿ ತಿಂದೆ. ಅದು ಇನ್ನೂ ನೆನಪಿದೆ.

ನಮ್ಮ ಕಡೆ ಒಂದು ಇಯತ್ತೆಯಲ್ಲಿ ಎರಡು ಸಲ ಕೂತವರಿಗೆ ಒಂದೇ ಅರ್ಥ. ವಾರದೊಳಗೆ ಕ್ಲಾಸಿನಲ್ಲಿ ಸಾನಿಕಾಳಿಗೆ 'ಫಾರಿನ್ ನಪಾಸ' ಎಂದು ಹೆಸರು ಬಿತ್ತು. ಅವಳ ವಯಸ್ಸು ಕೇಳಿದರೆ ಮಕ್ಕಳಿಗೆ ತಿಳಿಯುತ್ತದೆಯಲ್ಲ. ನೇಸರಿಯ ಬಸ್ಸಿನಲ್ಲೂ ಅದೇ. ಮಾವನ ಮಗಳು ಅವಳ ಓರಿಗೆಯವಳು, ಅವಳು ಹತ್ತನೆಯ ಪುಸ್ತಕ ಹಿಡಿದು ಅದೇ ಬಸ್ಸಿಗೆ ಏರುತ್ತಿದ್ದಳು. ಸಾನಿಕಾ ಒಮ್ಮೆ ಮಧ್ಯಾಹ್ನದ ಬಿಡುವಿನಲ್ಲಿ ಕಿಟಕಿಗೆ ಬಂದಳು.

"ಕಾಕಾ, ನನ್ನ ಮಾರ್ಕ್‌ಲಿಸ್ಟ್ ಒಂದ ದಿನ ಕ್ಲಾಸಿಗೆ ತರಲೇನ್ರಿ? ಬರೇ ತೋರಿಸಿ ಒಯ್ಯತೇನಿ."

"ಬ್ಯಾಡವಾ. ಹೇಳಿದ್ದು ಗೊತ್ತೈತಲಾ?"

"ನಪಾಸ ಅಂತಾರ್ರಿ."

"ಅನ್ನಲಿ ಬಿಡು. ಅಂದ್ರ ಮೈಗೆ ಹತ್ತತೈತೇನು?"

ಕ್ಲಾಸಿಗೆ ಹೋದಳು. ಮತ್ತೆ ಕೇಳಲಿಲ್ಲ.

ಶೋಭಾ ಟೀಚರ್ ಅವಳಿಗೆ ದಿನಾ ಶಾಲೆ ಬಿಟ್ಟ ಮೇಲೆ ಒಂದು ತಾಸು ಮರಾಠಿ ಕಲಿಸಿದರು. ಯಾರೂ ಹೇಳಿರಲಿಲ್ಲ, ತಾವಾಗಿ. ಆಗಸ್ಟ್ ಮುಗಿಯುವಷ್ಟರಲ್ಲಿ ಹುಡುಗಿ ಪಾಠ ಓದಿ ಉತ್ತರ ಬರೆಯುತ್ತಿದ್ದಳು. ಟೀಚರ್ ಕಚೇರಿಗೆ ಬಂದು ಅವಳ ನೋಟ್‌ಬುಕ್ ನನ್ನ ಟೇಬಲ್ ಮೇಲಿಟ್ಟರು.

"ಇಕಿ ಒಂಬತ್ತನೇತ್ತೆದಾಕಿ ಅಲ್ರಿ ಭಾವುಸಾಹೇಬ. ಯಾರು ಹಾಕ್ಯಾರ ಇಲ್ಲಿ?"

"ಪಾಲಕರ ಇಚ್ಛಾ ರೀ" ಅಂದೆ.

ಟೀಚರು ಅಲ್ಲಿಗೆ ಬಿಡಲಿಲ್ಲ. ಅಜಿತನನ್ನು ಕರೆಸಿ ಮಾತಾಡಿ, ಅಂಕಪಟ್ಟಿ ನೋಡಿ, ಕೊಲ್ಹಾಪುರದಲ್ಲಿ ತಮ್ಮ ಪರಿಚಯದ ಒಬ್ಬ ಹೆಡ್‌ಬಾಯಿಗೆ, ಅಂದರೆ ಮುಖ್ಯಾಧ್ಯಾಪಕಿಗೆ, ಫೋನು ಮಾಡಿದರು. ಆಕೆ, ಸೆಪ್ಟೆಂಬರ್ ಮುಗಿಯುವುದರೊಳಗೆ ನಿಮ್ಮ ಶಾಲೆ ಬಿಟ್ಟ ದಾಖಲೆ ತಂದುಕೊಡಲಿ, ಪರವಾನಿಗೆಗೆ ನಾನೇ ಮಂಡಳಕ್ಕೆ ಹೋಗುತ್ತೇನೆ, ಹತ್ತನೆಯ ಪರೀಕ್ಷೆಗೆ ಈ ವರ್ಷವೇ ಕೂರಿಸುತ್ತೇನೆ, ಆಮೇಲೆ ತಂದರೆ ಆಗುವುದಿಲ್ಲ ಎಂದಿದ್ದರು. ತನ್ನ ಹುದ್ದೆ ನಿಂತಿರುವುದೇ ಈ ಹುಡುಗಿಯ ತಲೆಯ ಮೇಲೆ ಎಂಬುದು ಟೀಚರಿಗೆ ಗೊತ್ತಿರಲಿಲ್ಲ. ನಾವು ಹೇಳಿರಲಿಲ್ಲ.

ಅಜಿತ ಸೆಪ್ಟೆಂಬರ್ ಮೊದಲ ವಾರ ಅರ್ಜಿ ಹಿಡಿದು ಬಂದ. ಮುಖ ಅರಳಿತ್ತು. "ದಾಖಲಾ ಕೊಡ್ರಿ ಭಾವುಸಾಹೇಬ್ರ. ವರ್ಷ ಉಳೀತು."

ಪಾಟೀಲ ಸರ್ ಕಡೆ ಹೋದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ತೀಸ್ ತಾರಖೇನಂತರ ದ್ಯಾ." ಮೂವತ್ತರ ನಂತರ ಕೊಡಿ.

ಹೀಗೆ ಶುರುವಾಯಿತು. ಮೊದಲ ಸಲ, ದಾಖಲೆಯ ಪುಸ್ತಕ ಮುಗಿದಿದೆ, ಹೊಸದು ಬರಬೇಕು ಅಂದೆ. ಎರಡನೇ ಸಲ, ಸರ್ ಟ್ರೇನಿಂಗಿಗೆ ಹೋಗಿದ್ದಾರೆ ಅಂದೆ. ಮೂರನೇ ಸಲ, ಸರ್ವರ್ ಡೌನ್ ಇದೆ ಅಂದೆ. ಈ ಕೊನೆಯ ಮಾತು ನಮ್ಮ ಕಾಲದ ದೊಡ್ಡ ವರ. ಎದುರಿನವನು ಎದ್ದು ಬಂದು ಕಂಪ್ಯೂಟರ್ ನೋಡುವುದಿಲ್ಲ. ಅಜಿತ ಜಾಬರ್. ಕೆಟ್ಟ ಯಂತ್ರ ಎಂದರೆ ಅವನಿಗೆ ಕನಿಕರ.

"ನಿಮಗೂ ಏನ್ ತ್ರಾಸ್ರಿ ಈ ಮಶೀನದ್ದು" ಅಂದ. "ನಾಳಿಗಿ ಬರಲೇನು?"

ನೇಸರಿಯಿಂದ ಗಡಹಿಂಗ್ಲಜಕ್ಕೆ ಎಸ್.ಟಿ. ಬಸ್ಸಿನಲ್ಲಿ ಅವನು ಎಂಟು ಸಲ ಬಂದ. ಕೊನೆಯ ಎರಡು ಸಲ ಸಾನಿಕಾ ಕ್ಲಾಸು ಬಿಟ್ಟು ಅಪ್ಪನ ಪಕ್ಕ ಬಂದು ನಿಂತಳು. ಕೊನೆಯ ದಿನ ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹಿಂದೆ ಪ್ರಿಂಟರ್‌ನಿಂದ ಬೇರೆ ಯಾರದೋ ಬೋನಾಫೈಡ್ ಸರ್ಟಿಫಿಕೇಟ್ ಹೊರಗೆ ಬರುತ್ತಿತ್ತು, ಅದನ್ನು ನೋಡುತ್ತಿದ್ದಳು. ಆ ದಿನ ಅವಳಿಗೆ ತಿಳಿಯಿತು ಎಂದು ನನಗೆ ತಿಳಿಯಿತು. ಅಪ್ಪನಿಗೆ ಅವಳು ಹೇಳಲಿಲ್ಲವೇಕೆ ಎಂಬುದು ಇವತ್ತಿಗೂ ಅರ್ಥವಾಗಿಲ್ಲ. ದೊಡ್ಡವರ ಕೂಡ ಹಾಗೆ ಮಾತಾಡಬಾರದೆಂದು ಅವನೇ ಗದರಿದ್ದನಲ್ಲ.

ಮೂವತ್ತರಂದು ಪಟ ಪೂರ್ತಿ ಇತ್ತು. ಮರುದಿನ ಹತ್ತು ಗಂಟೆಗೆ ನಾನೇ ಅಜಿತನಿಗೆ ಫೋನು ಮಾಡಿದೆ. ದಾಖಲೆ ತಯಾರಾಗಿದೆ ಬಾ ಅಂದೆ.

"ಹೆಡ್‌ಬಾಯಿ ನಿನ್ನೆ ಸಂಜಿ ತನಾ ಹಾದಿ ನೋಡಿದ್ರಂತ್ರಿ. ಇನ್ನ ಆಗೂದಿಲ್ಲ ಅಂದ್ರು" ಅಂದ. ಆಮೇಲೆ, ಸೌಜನ್ಯದ ಮನುಷ್ಯ, "ನೀವರ ಏನ್ ಮಾಡತೀರಿ, ಸರ್ವರ್ ಬಂದ್ ಇತ್ತು" ಅಂದ.

ಸಾನಿಕಾ ಒಂಬತ್ತರಲ್ಲೇ ಉಳಿದಳು.

ಶೋಭಾ ಟೀಚರಿಗೆ ಈ ಸಂಗತಿ ದೀಪಾವಳಿ ರಜೆಯ ಮುಂಚೆ ಗೊತ್ತಾಯಿತು. ಸ್ಟಾಫ್ ರೂಮಿನಲ್ಲಿ ಯಾರೋ ಚೇಷ್ಟೆಗೆ, "ನಿಮ್ಮ ನೋಕರಿ ಉಳಿಸಿದ ಪೋರಿಗೆ ಸೀರಿ ಉಡಸ್ರಿ ಟೀಚರ" ಅಂದಿದ್ದರಂತೆ. ಅವರು ನನ್ನ ಟೇಬಲಿಗೆ ಬಂದರು, ಕೂರಲಿಲ್ಲ.

"ಖರೇ ಏನ್ರಿ ಇದು?"

"ನಿಮ್ಮ ಸಲುವಾಗಿ ಮಾಡಿದ್ದು, ಟೀಚರ. ನಿಮ್ಮ ಅತ್ತಿಯವರು ಹಾಸಿಗಿ ಮ್ಯಾಲ ಇದ್ದಾರ. ನಿಮ್ಮನ್ನ ಎಲ್ಲೆರ ಒಗದಿದ್ರ?"

"ನಾ ಕೇಳಿದ್ನೇನ್ರಿ ನಿಮ್ಮನ್ನ?"

ನಾನು ಟೇಬಲ್ ಮೇಲಿನ ಕಾಗದ ಜೋಡಿಸತೊಡಗಿದೆ.

"ನಾಳಿಗಿ ಎರಡನೇ ತಾಸು ಆ ಕ್ಲಾಸ್ ನಂದ ಐತಿ" ಅಂದರು. "ನಾ ಯಾವ ಮಾರಿ ತಗೊಂಡ ಒಳಗ ಹೋಗ್ಲಿ? ಅದನ್ನರ ಹೇಳ್ರಿ. ನಿಮಗ ಎಲ್ಲಾ ಗೊತ್ತಿರತೈತಿ."

ಹೋದರು, ಪಾಠವನ್ನೂ ಮಾಡಿದರು, ಸಂಜೆಯ ತಾಸನ್ನೂ ಬಿಡಲಿಲ್ಲ. ಆದರೆ ನನ್ನ ಜೊತೆ ಆ ಮೇಲೆ ಕಾಗದದ ಮೂಲಕ ಮಾತ್ರ ಮಾತಾಡಿದರು. ರಜೆ ಅರ್ಜಿ ಸಹ ಶಿಪಾಯಿಯ ಕೈಯಲ್ಲಿ ಬರುತ್ತಿತ್ತು.

ಬೇಸಿಗೆಯಲ್ಲಿ ಅಜಿತ ಹೆಂಡತಿಯನ್ನು ಕರೆದುಕೊಂಡು ಆಫ್ರಿಕಾದ ಇನ್ನೊಂದು ಗಿರಣಿಗೆ ಹೋದ. ಗುತ್ತಿಗೆ ಬಿಡುವಂತಿರಲಿಲ್ಲ. ಮಗಳನ್ನು ಮಾವನ ಮನೆಯಲ್ಲಿ ಬಿಟ್ಟ. ಹೋಗುವ ಮುಂಚೆ ಕಚೇರಿಗೆ ಬಂದು, "ನಿಮ್ಮ ಮ್ಯಾಲ ಹಾಕಿ ಹೊಂಟೇನ್ರಿ" ಅಂದ. ನಾನು ಹೂಂ ಅಂದೆ.

ಮುಂದಿನ ಸೆಪ್ಟೆಂಬರ್ ಬಂತು. ಒಂಬತ್ತನೆಯದಕ್ಕೆ ಆ ವರ್ಷ ಒಂದಲ್ಲ, ಆರು ತಲೆ ಕಡಿಮೆ ಬಿದ್ದವು. ಎರಡು ಊರುಗಳ ಮಕ್ಕಳು ಹೊಸ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಹತ್ತಿದ್ದರು. ನಾನು ಊರೂರು ತಿರುಗಿದೆ, ಕೈಮುಗಿದೆ, ಸೈಕಲ್ಲಿನ ಆಸೆ ತೋರಿಸಿದೆ. ಆಗಲಿಲ್ಲ. ತುಕಡಿ ಹೋಯಿತು. ಶೋಭಾ ಟೀಚರನ್ನು ಚಂದಗಡದ ಆಚೆ ಒಂದು ಶಾಲೆಗೆ ಹಾಕಿದರು. ಅತ್ತೆಯನ್ನು ನಾದಿನಿಯ ಮನೆಯಲ್ಲಿ ಬಿಟ್ಟು ಹೋದರು. ನಾನು ಉಳಿಸಿದ್ದು ಹನ್ನೆರಡು ತಿಂಗಳು. ಅದಕ್ಕೆ ಕೊಟ್ಟದ್ದೂ ಹನ್ನೆರಡು ತಿಂಗಳು, ಆದರೆ ನನ್ನದಲ್ಲ.

ಕೆಲಸಕ್ಕೆ ಸೇರುವವರಿಗೆ ಇಲ್ಲಿ ಒಂದು ಮಾತು. ಮಾಸ್ತರರ ಹೊಟ್ಟೆ, ಶಾಲೆಯ ಹೆಸರು, ಸಂಸ್ಥೆಯ ಮಾನ, ಎಲ್ಲ ನಿಮ್ಮ ಟೇಬಲ್ ಮೇಲೆ ತಂದು ಇಡುತ್ತಾರೆ. ಎಲ್ಲವೂ ನಿಜವೇ. ಅವರೆಲ್ಲರ ಪರವಾಗಿ ಮಾತಾಡುವವರಿದ್ದಾರೆ. ಕಿಟಕಿಯ ಆಚೆ ಫೈಲು ಹಿಡಿದು ನಿಂತ ಮಗುವಿನ ಪರವಾಗಿ ಆ ಕೋಣೆಯಲ್ಲಿ ಇರುವವರು ನೀವೊಬ್ಬರೇ. ಮಗು ಯಾವ ಇಯತ್ತೆಗೆ ಅರ್ಹವೋ ಅದಕ್ಕೇ ಅರ್ಜಿ ಬರೆಯಿರಿ. ಇಲ್ಲ ಎನ್ನುವುದಿದ್ದರೆ ಮಂಡಳ ಇಲ್ಲ ಎನ್ನಲಿ, ನೀವು ಅನ್ನಬೇಡಿ. ನಾನು ಕೇಳದೆಯೇ ಅವರ ಬದಲು ಉತ್ತರ ಕೊಟ್ಟುಬಿಟ್ಟೆ.

ಸಾನಿಕಾ ಹತ್ತನೆಯದನ್ನು ಶಾಲೆಗೆ ಎರಡನೆಯವಳಾಗಿ ಪಾಸಾದಳು. ಜೂನ್‌ನಲ್ಲಿ ದಾಖಲೆ ಒಯ್ಯಲು ಒಬ್ಬಳೇ ಬಂದಳು. ನನಗೆ ನಿವೃತ್ತಿಗೆ ಇನ್ನು ಕೆಲವೇ ತಿಂಗಳಿದ್ದವು.

"ಇಚಲಕರಂಜಿಗೇನವಾ?" ಅಂದೆ, ಗೊತ್ತಿಲ್ಲದವನ ಹಾಗೆ.

"ಇಲ್ರಿ. ನೇಸರ್ಯಾಗ ಅಕರಾವಿ, ಆರ್ಟ್ಸ್." ಅಕರಾವಿ ಎಂದರೆ ಹನ್ನೊಂದು.

"ಡಿಪ್ಲೊಮಾ?"

"ಹಾಸ್ಟೆಲಿಗೆ ಹುಡುಗೀನ ಒಬ್ಬಾಕಿನ ಕಳಸೂದಿಲ್ಲ ಅಂತಾನ್ರಿ ಮಾವಾ. ಅಪ್ಪಾ ಅಲ್ಲಿಂದ ಫೋನಿನ್ಯಾಗ ಭಾಳ ಹೇಳಿದ. ಮಾವಾ ಫೋನ್ ಇಟ್ಟಬಿಟ್ಟ."

"ನಾ ಬಂದ ಮಾತಾಡಲೇನ ನಿಮ್ಮ ಮಾವಾನ ಕೂಡ? ನಾ ಹೇಳಿದ್ರ ಕೇಳಬಹುದು."

ಅವಳು ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು. "ನೀವು ಬಂದ ಹೋಗಿರೆಲ್ರಿ ಕಾಕಾ, ಬಸ್ ಪಾಸ್ ಮಾಡಿಸಾಕ. ಆಗ ಮಾವಾಗ ನೀವ ಹೇಳಿದ್ರಿ, ಪೋರಿ ಅಭ್ಯಾಸದಾಗ ಸ್ವಲ್ಪ ಹಿಂದ ಅದಾಳ, ಅದಕ್ಕ ಒಂದ ವರ್ಷ ಕೆಳಗ ಹಾಕೇವಿ ಅಂತ. ಅವ ಇನ್ನೂ ಅದನ್ನ ಹೇಳತಾನ. ಹಿಂದ ಬಿದ್ದ ಪೋರಿಗೆ ಡಿಪ್ಲೊಮಾ ಯಾಕ ಅಂತ."

ಹೇಳಿದ್ದೆ. ಬಸ್ ಪಾಸಿನ ದಿನ ನೇಸರಿಯಲ್ಲಿ, ಆ ಮಾವನ ಕಟ್ಟೆಯ ಮೇಲೆ ಕುಳಿತು ಹಾಲಿನ ಚಹಾ ಕುಡಿಯುತ್ತ. ಬಾಯಿಗೆ ಬಂದದ್ದು ಹೇಳಿ ಎದ್ದಿದ್ದೆ. ಮರೆತೂ ಬಿಟ್ಟಿದ್ದೆ.

"ಈಗ ಹೋಗಿ ಬ್ಯಾರೆ ಹೇಳತೇನಿ" ಅಂದೆ. "ನನ್ನದ ತಪ್ಪು ಅಂತ ಹೇಳತೇನಿ."

"ಹೇಳ್ರಿ" ಅಂದಳು. ಬೇಡವೆನ್ನಲಿಲ್ಲ. ದಾಖಲೆ ತೆಗೆದುಕೊಂಡು, ಸಾಲು ಸಾಲಾಗಿ ಬೆರಳಿಟ್ಟು ಓದಿ, ಫೈಲಿಗೆ ಹಾಕಿಕೊಂಡು ಬಸ್ಸಿಗೆ ಹೋದಳು.

ಆ ಭಾನುವಾರ ನಾನು ನೇಸರಿಗೆ ಹೋದೆ. ಮಾವ ಎಮ್ಮೆ ಮೈ ತೊಳೆಯುತ್ತಿದ್ದ. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಹುಡುಗಿ ಮೊದಲೇ ಪಾಸಾಗಿದ್ದಳು, ಶಾಲೆಗೆ ಬೇಕಾಗಿ ನಾನೇ ಕೂರಿಸಿದೆ, ಸರ್ವರ್ ಬಂದ್ ಇರಲಿಲ್ಲ ಎಂದೂ ಹೇಳಿದೆ. ಅಂಥ ಮಾತು ನನ್ನ ಬಾಯಿಂದ ಜನ್ಮದಲ್ಲಿ ಬಂದಿರಲಿಲ್ಲ. ಅವನು ಎಮ್ಮೆಯ ಬೆನ್ನಿಗೆ ಇನ್ನೊಂದು ಬಕೆಟ್ ನೀರು ಹಾಕಿ ನಕ್ಕ.

"ಅಜಿತ ಫೋನ್ ಮಾಡಿ ಕಳಿಸ್ಯಾನೇನ್ರಿ ನಿಮ್ಮನ್ನ? ನೀವು ಭಾಳ ಮಾತಿನ ಮನಶ್ಯಾರ್ರಿ ಭಾವುಸಾಹೇಬ. ಅವತ್ತ ಹಂಗ ಹೇಳಿದ್ರಿ, ಇವತ್ತ ಹಿಂಗ ಹೇಳತೀರಿ. ಕುಂಡ್ರಿ, ಚಹಾ ಕುಡದ ಹೋಗ್ರಿ."

ಬಾಗಿಲಲ್ಲಿ ಸಾನಿಕಾ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ ಚಹಾ ತಂದಳು. ಕುಡಿದೆ. ಅವಳೇ ಕಪ್ಪು ಬಸಿ ಎತ್ತಿಕೊಂಡು, "ಹನ್ನೆರಡೂಕಾಲರ ಬಸ್ ಸಿಗತೈತ್ರಿ, ಲಗೂನ ಹೋಗ್ರಿ" ಅಂದಳು.